ಒಂದು ಹನಿ ಹೆಪ್ಪು

ಕ್ಯಾನ್ಸರ್ ಗಡ್ಡೆ ಒಂಟಿಯಾಗಿ ಬಾಳುವುದಿಲ್ಲ. ಇಷ್ಟು ಮಾತು ತಿಳಿದುಕೊಳ್ಳಲು ದೊಡ್ಡ ದೊಡ್ಡ ತಲೆಗಳಿಗೆ ನೂರು ವರ್ಷ ಹಿಡಿಯಿತು ನೋಡಿ. ಅಷ್ಟೂ ವರ್ಷ ಅವರು ಗಡ್ಡೆಯ ಚೂರನ್ನು ತೆಗೆದು, ಚಪ್ಪಟೆ ಗಾಜಿನ ತಟ್ಟೆಯ ಮೇಲೆ ಹರಡಿ, ಮೇಲೆ ಔಷಧಿ ಸುರಿದು, ಸತ್ತಿತು ಸತ್ತಿತು ಎಂದು ಚಪ್ಪಾಳೆ ತಟ್ಟಿದರು. ತಟ್ಟೆಯಲ್ಲಿ ಸತ್ತದ್ದು ಹೊಟ್ಟೆಯಲ್ಲಿ ಸಾಯಲಿಲ್ಲ. ಯಾಕೆಂದರೆ ಹೊಟ್ಟೆಯಲ್ಲಿ ಅದಕ್ಕೊಂದು ಮನೆಯಿತ್ತು, ನೆರೆಹೊರೆಯಿತ್ತು. ಸುತ್ತಲಿನ ಒಳ್ಳೆಯ ಕೋಶಗಳನ್ನೇ ಪುಸಲಾಯಿಸಿ ಅದು ತನ್ನ ಚಾಕರಿಗೆ ಇಟ್ಟುಕೊಳ್ಳುತ್ತಿತ್ತು. ನಾರು ನೇಯುವ ಕೋಶಗಳು ಅದರ ಸುತ್ತ ಗೋಡೆ ಕಟ್ಟಿಕೊಡುತ್ತಿದ್ದವು, ರಕ್ತನಾಳದ ಕೋಶಗಳು ಅನ್ನ ನೀರು ಸಾಗಿಸುತ್ತಿದ್ದವು, ಕಾವಲಿಗೆ ನಿಂತ ಕೋಶಗಳು ಕಂಡೂ ಕಾಣದ ಹಾಗೆ ಮುಖ ತಿರುಗಿಸುತ್ತಿದ್ದವು. ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ ಎನ್ನುತ್ತಾರಲ್ಲ, ಅದೇ ಕಥೆ.

ಹಾಗಾದರೆ ಗಡ್ಡೆಯನ್ನು ಅದರ ನೆರೆಹೊರೆ ಸಮೇತ ಹೊರಗೆ ಬೆಳೆಸಿದರೆ? ಧಾರವಾಡದ ಪ್ರತಿರೂಪ ಕೇಂದ್ರ ಮಾಡುತ್ತಿದ್ದದ್ದು ಇದನ್ನೇ. ರೋಗಿಯ ಗಡ್ಡೆಯ ಚಿಟಿಕೆ, ಅದರ ಪಕ್ಕದ ಅಂಗಾಂಶದ ಚಿಟಿಕೆ, ಎರಡನ್ನೂ ಬೆಚ್ಚಗಿನ ಲೋಳೆಯಲ್ಲಿ ಕೂಡಿಸಿ ಬಿಟ್ಟರೆ ಅವು ಅಡ್ಡಡ್ಡ ಹರಡದೆ ಉಂಡೆ ಕಟ್ಟುತ್ತಿದ್ದವು. ನೆನೆಸಿದ ಸಾಬೂದಾಣಿಯಷ್ಟು ಗಾತ್ರ, ಅದೇ ಮಸುಕು ಬಿಳುಪು. ಪ್ರಯೋಗಶಾಲೆಯ ಹೆಣ್ಣುಮಕ್ಕಳು ಅದಕ್ಕೆ ಸಾಬೂದಾಣಿ ಎಂದೇ ಹೆಸರಿಟ್ಟಿದ್ದರು. ಐದು ಸಾಲು ಸಾಬೂದಾಣಿ, ಐದು ಬಗೆಯ ಔಷಧಿ. ಒಂಬತ್ತನೇ ದಿನ ಯಾವ ಸಾಲು ಕರಗಿತೋ ಆ ಔಷಧಿ ರೋಗಿಗೆ. ಊಹೆಯ ಮೇಲೆ ಯಾರ ಮೈಗೂ ವಿಷ ಹರಿಸುವ ಹಾಗಿಲ್ಲ, ರಿಪೋರ್ಟಿಲ್ಲದೆ ಔಷಧಿಯಿಲ್ಲ ಎಂದು ಕಾಯ್ದೆಯೂ ಬಂದಿತು.

ಜನ ಎಷ್ಟು ಬೇಗ ಯಾವುದಕ್ಕೂ ಒಗ್ಗಿಬಿಡುತ್ತಾರೆ! ಮಂಗಳವಾರ ಮತ್ತು ಶುಕ್ರವಾರ ಮನೆಯವರಿಗೆ ದೊಡ್ಡ ಪರದೆಯ ಮೇಲೆ ತಮ್ಮ ತಮ್ಮ ಸಾಬೂದಾಣಿ ನೋಡಲು ಬಿಡುತ್ತಿದ್ದರು. ನರಗುಂದದಿಂದ, ಕುಂದಗೋಳದಿಂದ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಒಬ್ಬಳು ಪರದೆಗೆ ಕುಂಕುಮ ಹಚ್ಚಲು ಹೋಗುವಳು, ಇನ್ನೊಬ್ಬಳು ದೃಷ್ಟಿ ತೆಗೆಯುವಳು. ಬಸ್ಸಿನಲ್ಲಿ ಕೂತರೆ ಸಾಕು, "ನಿಮ್ಮ ಮಾವಾರದು ಯಾವ ಔಷಧಕ್ಕ ಪಾಸಾತ್ರೀ?" ಎಂದು ಎಸ್ಸೆಸ್ಸೆಲ್ಸಿ ಫಲಿತಾಂಶ ಕೇಳಿದ ಹಾಗೆ ಕೇಳುತ್ತಿದ್ದರು.

ಈ ಕೇಂದ್ರದಲ್ಲಿ ಸಾಬೂದಾಣಿ ಬೆಳೆಸುವ ಕೈಗಳಲ್ಲಿ ಮೊದಲ ಕೈ ದ್ರಾಕ್ಷಾಯಣಿ ಕುರ್ತಕೋಟಿಯದು. ಹನ್ನೊಂದು ವರ್ಷದ ಕೆಲಸ, ಮೂವತ್ತೈದು ವಯಸ್ಸು. ಅವಳ ಕೈಯಲ್ಲಿ ಉಂಡೆ ಕಟ್ಟದ ಗಡ್ಡೆಯಿಲ್ಲ ಎಂದು ಹೆಸರಾಗಿತ್ತು. ಆ ಹೆಸರೇ ಅವಳಿಗೆ ಮುಳುವಾಯಿತು ಎಂದು ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನೂ ಆಗಬೇಕಾಗಿಲ್ಲ.

ಆ ವರ್ಷ ಆಷಾಢದಲ್ಲಿ ಅವಳ ಮೇಜಿಗೆ ಬಂದ ಡಬ್ಬಿಯ ಮೇಲೆ ಕಸ್ತೂರಿ ಕುರ್ತಕೋಟಿ, ನಲವತ್ತೆಂಟು ಎಂದು ಬರೆದಿತ್ತು. ಅವಳ ಅಕ್ಕ.

ಕಸ್ತೂರಿ ಸಪ್ತಾಪುರದಲ್ಲಿ ಖಾನಾವಳಿ ನಡೆಸುತ್ತಿದ್ದಳು. ಪರೀಕ್ಷೆಗೆ ಓದುವ ಹುಡುಗ ಹುಡುಗಿಯರ ಓಣಿ ಅದು; ಮಧ್ಯಾಹ್ನವಾದರೆ ನಲವತ್ತು ತಾಟು ಒಟ್ಟಿಗೆ ಬೀಳುತ್ತಿದ್ದವು. ಕೆಳಗೆ ಖಾನಾವಳಿ, ಮೇಲೆ ಅಕ್ಕ ತಂಗಿಯರ ಎರಡು ಕೋಣೆ. ದ್ರಾಕ್ಷಾಯಣಿಗೆ ಆರು ವರ್ಷವಿದ್ದಾಗ ಅವ್ವ ತೀರಿಕೊಂಡಿದ್ದಳು, ಆಗ ಕಸ್ತೂರಿಗೆ ಹತ್ತೊಂಬತ್ತು. ನೋಡಲು ಬಂದ ಗಂಡುಗಳಿಗೆಲ್ಲ "ತಂಗೀನ ಸಂಗಾಟ ಕರಕೊಂಡ ಬರ್ತೀನಿ, ಆಗ್ತದೇನು?" ಎಂದು ಕೇಳಿ ಕೇಳಿ ಅವಳ ಮದುವೆಯೇ ಆಗಲಿಲ್ಲ. ಅದರ ಬಗ್ಗೆ ಅವಳಿಗೆ ಬೇಸರವಿತ್ತೋ ಇಲ್ಲವೋ, ಬಾಯಿ ಬಿಟ್ಟು ಹೇಳಿದವಳಲ್ಲ. ರೊಟ್ಟಿ ಬಡಿಯುತ್ತ ಬಡಿಯುತ್ತ ತಂಗಿಯನ್ನು ಓದಿಸಿದಳು.

ಅವಳ ಕಣ್ಣು ಹಳದಿಯಾದದ್ದನ್ನು ಮೊದಲು ಕಂಡವಳು ಊಟಕ್ಕೆ ಬರುವ ಒಬ್ಬ ಹುಡುಗಿ.

"ಅಕ್ಕಾರ, ಕಣ್ಣು ಅರಿಶಿಣ ಆಗ್ಯಾವಲ್ರೀ?"

"ಒಲಿ ಮುಂದ ಕುಂತು ಕುಂತು ಹಂಗಾಗ್ಯಾವ. ನೀ ಉಣ್ಣು, ಝುಣಕಾ ಹಾಕ್ಲ್ಯಾ?"

ಸಂಜೆ ಮನೆಗೆ ಬಂದ ದ್ರಾಕ್ಷಾಯಣಿ ಆ ಕಣ್ಣು ನೋಡಿದಳು. ಮರುದಿನವೇ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಸ್ಕ್ಯಾನಿನಲ್ಲಿ ಮೇದೋಜೀರಕ ಗ್ರಂಥಿಯ ತಲೆಯ ಹತ್ತಿರ ದೊಡ್ಡ ಹುಣಸೆಬೀಜದಷ್ಟು ಗಡ್ಡೆ. ಶಸ್ತ್ರವೈದ್ಯೆ ಡಾಕ್ಟರ್ ಅನಸೂಯಾ ಕಮ್ಮಾರ ಸುತ್ತಿ ಬಳಸಿ ಮಾತಾಡುವವರಲ್ಲ.

"ನೋಡ್ರಿ, ಮುಖ್ಯ ರಕ್ತನಾಳಕ್ಕ ಇನ್ನೂ ಮುಟ್ಟಿಲ್ಲ. ಈಗ ತಗದ್ರ ತಗೀಬಹುದು. ದೊಡ್ಡ ಆಪರೇಷನ್ನು, ಹತ್ತರಾಗ ಇಬ್ಬರು ತಡಕೊಳ್ಳೂದಿಲ್ಲ. ತಡಕೊಂಡವ್ರು ಬದುಕ್ತಾರ. ಇಲ್ಲಾ ಮೊದಲ ಔಷಧಿ ಕೊಟ್ಟು, ಕರಗಿಸಿ, ಆಮ್ಯಾಲೆ ಸಣ್ಣದೊಂದು ಆಪರೇಷನ್ ಮಾಡಬಹುದು. ಯಾವುದು ಅಂತ ನಿಮ್ಮ ಕೇಂದ್ರದ ರಿಪೋರ್ಟ್ ಹೇಳಬೇಕು. ಮುಂದಿನ ಗುರುವಾರದ ಮುಂದಿನ ಗುರುವಾರ ಜಾಗಾ ಹಿಡದಿಡ್ತೀನಿ."

ಕಸ್ತೂರಿ ಸೆರಗು ಬಿಗಿದುಕೊಂಡು, "ಕೊಯ್ದು ಒಗೀರಿ ಅತ್ತಾಗ. ಕೆಟ್ಟದ್ದನ್ನ ಇಟ್ಟುಕೊಂಡು ಏನ್ ಪೂಜಿ ಮಾಡೂದೈತೇನು?" ಎಂದಳು.

ಚೂರು ಬಂತು. ದ್ರಾಕ್ಷಾಯಣಿ ಯಾರಿಗೂ ಕೊಡದೆ ತಾನೇ ಲೋಳೆಯಲ್ಲಿ ಕೂಡಿಸಿದಳು. ಅರ್ಧ ಚೂರನ್ನು ನಿಯಮದ ಪ್ರಕಾರ ಶೀತಪೆಟ್ಟಿಗೆಯಲ್ಲಿ ಕಾಯ್ದಿಟ್ಟಳು. ಮೂರನೇ ದಿನ ಬೆಳಿಗ್ಗೆ ನೋಡಿದರೆ ಉಂಡೆ ಕಟ್ಟಿರಲಿಲ್ಲ. ಗಡ್ಡೆಯ ಕೋಶಗಳು ಒಂದು ಕಡೆ, ಅಕ್ಕನ ನೆರೆಯ ಕೋಶಗಳು ಇನ್ನೊಂದು ಕಡೆ, ಒಂದಕ್ಕೊಂದು ಮಾತಿಲ್ಲ ಕಥೆಯಿಲ್ಲ ಎಂಬಂತೆ ಬಿದ್ದಿದ್ದವು.

ಪಕ್ಕದ ಮೇಜಿನ ರೇಶ್ಮಾ ನದಾಫ ಇಣುಕಿ ನೋಡಿ, "ಅಕ್ಕಾ, ಹೆಪ್ಪು ಹಾಕ್ಲೇನ್ರಿ?" ಎಂದಳು.

"ಇರು. ನಾನ ಹಾಕ್ತೀನಿ."

ಈ ಹೆಪ್ಪಿನ ಸಂಗತಿ ಹೇಳಬೇಕು. ಹನ್ನೊಂದು ವರ್ಷದ ಹಿಂದೆ ದ್ರಾಕ್ಷಾಯಣಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಬಾಣಂತಿಯ ಚೂರು ಬಂದಿತ್ತು. ಉಂಡೆ ಕಟ್ಟುತ್ತಿರಲಿಲ್ಲ. ಕಟ್ಟದಿದ್ದರೆ ರಿಪೋರ್ಟಿನಲ್ಲಿ "ಬರಲಿಲ್ಲ" ಎಂದು ಬರೆಯಬೇಕು. ಬರಲಿಲ್ಲ ಎಂದರೆ ಔಷಧಿಯಿಲ್ಲ, ನೋವಿನ ಮಾತ್ರೆ ಕೊಟ್ಟು ಮನೆಗೆ ಕಳಿಸುವುದು. ಹೊರಗೆ ಬೆಂಚಿನ ಮೇಲೆ ಆ ಹೆಣ್ಣುಮಗಳ ತಾಯಿ ಕೂಸನ್ನು ಎತ್ತಿಕೊಂಡು ಕೂತಿದ್ದಳು. ಅದೇ ತಿಂಗಳು ದ್ರಾಕ್ಷಾಯಣಿಗೆ ಅಪೆಂಡಿಕ್ಸ್ ಆಪರೇಷನ್ ಆಗಿತ್ತು. ಅದರ ಜೊತೆ ಬಂದ ಅಂಗಾಂಶದಿಂದ ಕೈ ಪಳಗಿಸಿಕೊಳ್ಳಲೆಂದು ಅವಳು ನೆರೆಯ ಕೋಶ ಬೆಳೆಸುತ್ತಿದ್ದಳು. ಹದಿಹರೆಯ ದಾಟಿದ ಗಟ್ಟಿ ಜೀವದ ಕೋಶಗಳು, ಹುರುಪಿನಿಂದ ಬೆಳೆಯುತ್ತಿದ್ದವು. ಅದರಲ್ಲಿ ಒಂದೇ ಒಂದು ಹನಿ ಬಾಣಂತಿಯ ಲೋಳೆಗೆ ಹಾಕಿದಳು. ಮರುದಿನ ಉಂಡೆ ಕಟ್ಟಿತ್ತು!

ಹಾಲು ಒಡೆಯುವಂತಿದ್ದರೆ ಒಂದು ಹನಿ ಒಳ್ಳೆಯ ಮೊಸರು ಹಾಕಿ ಹೆಪ್ಪು ಮಾಡುವುದಿಲ್ಲವೇ, ಇದೂ ಹಾಗೆ ಎಂದುಕೊಂಡಳು. ಮುಖ್ಯಸ್ಥರಾದ ಡಾಕ್ಟರ್ ಸುಧೀಂದ್ರ ಗಲಗಲಿಯವರಿಗೂ ಹೇಳಿದಳು. ಅವರು ಕನ್ನಡಕ ಹಣೆಗೇರಿಸಿ, "ಒಂದು ಹನಿ ಏನು ಮಹಾ ಮಾಡ್ತದ? ಗಡ್ಡಿ ಅವರದೇ ಅದ ಅಲ್ಲ? ಹಾಕ್ರಿ," ಎಂದರು. ಅಲ್ಲಿಂದ ಹೆಪ್ಪು ಪದ್ಧತಿಯಾಯಿತು. ದ್ರಾಕ್ಷಾಯಣಿಯ ಕೋಶಗಳನ್ನು ನೂರಾರು ಸಣ್ಣ ಸೀಸೆಗಳಲ್ಲಿ ತುಂಬಿ ಶೀತಪೆಟ್ಟಿಗೆಯಲ್ಲಿ ಇಟ್ಟರು. ಅವಳಿಗೆ ಮೂವತ್ತೈದಾದರೂ ಸೀಸೆಯಲ್ಲಿ ಅವಳಿಗೆ ಇನ್ನೂ ಇಪ್ಪತ್ತನಾಲ್ಕು. "ನಮ್ಮ ಜಿಲ್ಲಾದ ಮಂದಿಗೆಲ್ಲ ನೀವ ನೆರಿಮನಿಯವ್ರು ಬಿಡ್ರಿ," ಎಂದು ರೇಶ್ಮಾ ಚೇಷ್ಟೆ ಮಾಡುತ್ತಿದ್ದಳು. ಬೇರೆ ಊರಿನ ಕೇಂದ್ರಗಳಲ್ಲಿ ನೂರಕ್ಕೆ ಅರವತ್ತು ಉಂಡೆ ಕಟ್ಟಿದರೆ ಧಾರವಾಡದಲ್ಲಿ ತೊಂಬತ್ತೇಳು. ಅದಕ್ಕೆ ಶಾಲು ಹೊದಿಸಿ ಸನ್ಮಾನವೂ ಆಗಿತ್ತು.

ಅಕ್ಕನ ಲೋಳೆಗೆ ಹೆಪ್ಪು ಬಿತ್ತು. ನಾಲ್ಕನೇ ದಿನ ಉಂಡೆ ಕಟ್ಟಿತು. ಒಂಬತ್ತನೇ ದಿನ ಎರಡನೇ ಸಾಲು ಪೂರ್ತಿ ಕರಗಿ ತಿಳಿನೀರಾಗಿತ್ತು. ದ್ರಾಕ್ಷಾಯಣಿ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದವಳೇ ರೇಶ್ಮಾಳನ್ನು ಅಪ್ಪಿಕೊಂಡು ಅತ್ತುಬಿಟ್ಟಳು. ಇಷ್ಟು ಚೆನ್ನಾಗಿ ಕರಗಿದ ಸಾಲನ್ನು ಅವಳು ಎಷ್ಟೋ ವರ್ಷದಿಂದ ಕಂಡಿರಲಿಲ್ಲ.

ಆದರೆ ಕಸ್ತೂರಿ ಕೇಳಬೇಕಲ್ಲ. ಬುಧವಾರ ಮಧ್ಯಾಹ್ನ ಗಿರಾಕಿಗಳೆಲ್ಲ ಉಂಡು ಹೋದ ಮೇಲೆ ಅವಳು ಆಸ್ಪತ್ರೆಗೆ ಒಯ್ಯಲು ಸೀರೆ ಮಡಿಸಿಡುತ್ತಿದ್ದಳು.

"ಅಕ್ಕಾ, ನಾಳೆ ಆಪರೇಷನ್ ಬ್ಯಾಡ. ಎರಡನೇ ಔಷಧಿಗೆ ಪೂರಾ ಕರಗೈತಿ. ಮೂರು ತಿಂಗಳ ತಗೊಂಡ್ರ ಮುಗೀತು."

"ನನಗ್ಯಾಕೋ ಕೊಯ್ಸೂದ ಛಲೋ ಅನಸ್ತೈತಿ, ದಾಕ್ಷಿ. ಹೊರಗ ಬಂದದ್ದನ್ನ ಕಣ್ಣಿಲೆ ನೋಡಬಹುದು. ಒಳಗ ಕರಗೂದನ್ನ ಯಾರು ನೋಡ್ಯಾರ?"

"ನಾ ನೋಡೀನಿ! ನನ್ನ ಕಣ್ಣಿಲೆ ನೋಡೀನಿ. ಹತ್ತರಾಗ ಇಬ್ಬರು ಮೇಜಿನ ಮ್ಯಾಲೆ ಸಾಯ್ತಾರ, ಗೊತ್ತೈತಿಲ್ಲೋ ನಿನಗ? ಆ ಇಬ್ಬರಾಗ ನೀ ಒಬ್ಬಾಕಿ ಆದ್ರ ನಾ ಏನ್ ಮಾಡ್ಲಿ?"

"ಎಂಟು ಮಂದಿ ಉಳೀತಾರಲ್ಲ, ಅದನ್ಯಾಕ ಹೇಳವಲ್ಲಿ?"

ದ್ರಾಕ್ಷಾಯಣಿ ಮಡಿಸಿಟ್ಟ ಸೀರೆಗಳನ್ನು ಎತ್ತಿ ಪೆಟ್ಟಿಗೆಗೆ ಹಾಕಿ ಮುಚ್ಚಿದಳು. ಅಕ್ಕನ ಎರಡೂ ಕೈ ಹಿಡಿದುಕೊಂಡು, "ಇಷ್ಟು ವರ್ಷ ನೀ ಹೇಳಿದ್ದು ನಾ ಕೇಳೀನಿ. ಈ ಒಂದ ಸಲ ನಾ ಹೇಳಿದ್ದು ನೀ ಕೇಳು. ನನ್ನಾಣಿ," ಎಂದಳು.

ಕಸ್ತೂರಿ ಕೈ ಬಿಡಿಸಿಕೊಂಡಳು. "ಆತು ಬಿಡವಾ. ಕಲತಾಕಿ ನೀ. ನಿನಗ ಗೊತ್ತಿಲ್ಲದ್ದು ರೊಟ್ಟಿ ಬಡಿಯಾಕಿಗೆ ಏನ್ ಗೊತ್ತಿರತೈತಿ," ಎಂದು ಎದ್ದು ಒಲೆಯ ಕಡೆ ಹೋದಳು. ಗುರುವಾರದ ಜಾಗ ಇನ್ನಾರಿಗೋ ಹೋಯಿತು.

ಒಂದು ತಿಂಗಳು ಕಸ್ತೂರಿ ಔಷಧಿ ಏರಿಸಿಕೊಂಡು ಬಂದು ರೊಟ್ಟಿ ಬಡಿದಳು. ಎರಡನೇ ತಿಂಗಳು ಕೂತು ಹೇಳಿಕೊಡುತ್ತಿದ್ದಳು, ಕೂಲಿಯ ಹೆಂಗಸರು ಬಡಿಯುತ್ತಿದ್ದರು. ಕೂದಲು ಹೋಯಿತು, ಬಾಯಿ ಹುಣ್ಣಾಯಿತು, ಮಜ್ಜಿಗೆಯೂ ಉರಿಯಿತು. "ಕರಗಾಕತ್ತೈತೇಳು, ಅದಕ್ಕ ಇಷ್ಟು ತ್ರಾಸು," ಎಂದು ತಾನೇ ತಂಗಿಗೆ ಸಮಾಧಾನ ಹೇಳುತ್ತಿದ್ದಳು. ಮೂರನೇ ತಿಂಗಳ ಮೊದಲಲ್ಲಿ ಬೆನ್ನು ನೋವು ಎಂದಾಗ ಸ್ಕ್ಯಾನ್ ಮಾಡಿಸಿದರು.

ಡಾಕ್ಟರ್ ಅನಸೂಯಾ ಪರದೆಯನ್ನು ದ್ರಾಕ್ಷಾಯಣಿಯ ಕಡೆ ತಿರುಗಿಸಿದರು. ಗಡ್ಡೆ ಕರಗಿರಲಿಲ್ಲ. ಮೂರು ಪಟ್ಟು ಬೆಳೆದು, ಮುಖ್ಯ ರಕ್ತನಾಳವನ್ನು ಸುತ್ತಿ ಅಪ್ಪಿಕೊಂಡಿತ್ತು. ಅದರ ಸುತ್ತ ದಪ್ಪ ನಾರಿನ ಗೋಡೆ.

"ಈಗ ತಗೀಲಿಕ್ಕೆ..."

"ಇನ್ನ ಆಗೂದಿಲ್ಲ ದ್ರಾಕ್ಷಾಯಣಿ. ಚಾಕು ಹಾಕಾಕ ಜಾಗಾ ಇಲ್ಲ."

ದ್ರಾಕ್ಷಾಯಣಿ ಅಲ್ಲಿಂದ ನೇರ ಕೇಂದ್ರಕ್ಕೆ ಬಂದಳು. ಕರಗಿದ ಸಾಲನ್ನು ಅವಳೇ ಕಂಡಿದ್ದಳಲ್ಲ! ಅದು ಸುಳ್ಳಾಗಲು ಹೇಗೆ ಸಾಧ್ಯ? ಪ್ರತಿ ರೋಗಿಯ ಔಷಧಿ ಹಾಕದ ಒಂದು ಉಂಡೆಯನ್ನು ಕಾಯ್ದಿಡುವುದು ಕೇಂದ್ರದ ಪದ್ಧತಿ. ಅಕ್ಕನ ಉಂಡೆಯನ್ನು ಹೊರತೆಗೆದು, ಬಿಡಿಸಿ, ಒಂದೊಂದು ಕೋಶ ಯಾರದೆಂದು ಗುರುತು ಓದುವ ಯಂತ್ರಕ್ಕೆ ಕೊಟ್ಟಳು. ಇಷ್ಟು ವರ್ಷದಲ್ಲಿ ಗಡ್ಡೆಯ ಗುರುತನ್ನು ಮಾತ್ರ ಓದಿಸುತ್ತಿದ್ದರು. ನೆರೆಯ ಕೋಶಗಳ ಗುರುತು ಕೇಳುವ ಯೋಚನೆ ಯಾರಿಗೂ ಬಂದಿರಲಿಲ್ಲ.

ಯಂತ್ರ ಮೊದಲು ತಡವರಿಸಿತು. ಅಕ್ಕ ತಂಗಿಯರಲ್ಲವೇ, ಗುರುತುಗಳು ಅರ್ಧಕ್ಕರ್ಧ ಒಂದೇ. ಆಮೇಲೆ ಬೇರ್ಪಡಿಸಿ ಹೇಳಿತು. ಗಡ್ಡೆ ಕಸ್ತೂರಿಯದು. ಸುತ್ತಲಿನ ನೆರೆ ನೂರಕ್ಕೆ ತೊಂಬತ್ತಾರು ದ್ರಾಕ್ಷಾಯಣಿಯದು.

ಒಂದು ಹನಿ ಮೊಸರು ಒಂದು ಗಡಿಗೆ ಹಾಲನ್ನು ಏನು ಮಾಡುತ್ತದೆ ಎಂದು ಖಾನಾವಳಿಯಲ್ಲಿ ಬೆಳೆದ ಹುಡುಗಿಗೆ ಯಾರಾದರೂ ಹೇಳಿಕೊಡಬೇಕಿತ್ತೇ? ಇಡೀ ಗಡಿಗೆಯನ್ನು ತನ್ನಂತೆಯೇ ಮಾಡಿಕೊಳ್ಳುತ್ತದೆ. ಹೆಪ್ಪಿನ ಕೆಲಸವೇ ಅದು. ಹುರುಪಿನ ಎಳೆಯ ಕೋಶಗಳು ಅಕ್ಕನ ದಣಿದ ಕೋಶಗಳನ್ನು ಆರೇ ದಿನದಲ್ಲಿ ಹೊರದಬ್ಬಿ ಇಡೀ ಮನೆ ತುಂಬಿಕೊಂಡಿದ್ದವು. ಅವು ಗಡ್ಡೆಯ ಜೊತೆ ಒಂದು ವಾರವೂ ಬಾಳಿದವಲ್ಲ, ಅದರ ಚಾಕರಿ ಕಲಿತಿರಲಿಲ್ಲ, ಗೋಡೆ ಕಟ್ಟಲಿಲ್ಲ. ಔಷಧಿ ಸಲೀಸಾಗಿ ಒಳಗೆ ಹೋಗಿತ್ತು, ಗಡ್ಡೆ ಕರಗಿತ್ತು. ಅಕ್ಕನ ಹೊಟ್ಟೆಯಲ್ಲಿದ್ದ ನೆರೆಯೇ ಬೇರೆ. ಎಷ್ಟೋ ವರ್ಷದಿಂದ ಗಡ್ಡೆಯ ಮಗ್ಗುಲಲ್ಲೇ ಇದ್ದು ಕೆಟ್ಟು ಹೋದದ್ದು.

ಆಮೇಲೆ ಅವಳಿಗೆ ಇನ್ನೊಂದು ವಿಚಾರ ಬಂತು. ರೇಶ್ಮಾಳನ್ನು ಕರೆದು ಹೆಪ್ಪು ಹಾಕಿದ ಹಳೆಯ ನಲವತ್ತು ಉಂಡೆ ತೆಗೆಸಿದಳು. ಎರಡು ದಿನ ಇಬ್ಬರೂ ಊಟ ಬಿಟ್ಟು ಓದಿಸಿದರು. ಮೂವತ್ತೊಂದರಲ್ಲಿ ನೆರೆಯೆಲ್ಲ ದ್ರಾಕ್ಷಾಯಣಿ. ಆ ಮೂವತ್ತೊಂದು ಮಂದಿಯ ಮನೆಗೆ ರೇಶ್ಮಾ ಫೋನು ಹಚ್ಚಿ ವಿಚಾರಿಸಿದಳು. ಬದುಕಿದ್ದವರು ನಾಲ್ವರು.

"ಇದು ಇಷ್ಟು ದಿನ ಯಾರಿಗೂ ಹೆಂಗ ಗೊತ್ತಾಗಲಿಲ್ರೀ?" ಎಂದು ರೇಶ್ಮಾ ಅಳುತ್ತ ಕೇಳಿದಳು.

ಹೇಗೆ ಗೊತ್ತಾಗಬೇಕು? ರಿಪೋರ್ಟು ಬಂದ ಮೇಲೆ ರೋಗಿ ಆಸ್ಪತ್ರೆಯವನು. ಔಷಧಿ ಹಿಡಿಯದಿದ್ದರೆ ಮನೆಗೆ ಹೋಗಿ ಸಾಯುವವನು. ಮೈ ತಾಳಲಿಲ್ಲ, ಹಣೆಬರಹ ಎಂದು ಮನೆಯವರು ಅಂದುಕೊಂಡರು. ಕೇಂದ್ರಕ್ಕೆ ಬಂದು ಜಗಳ ತೆಗೆದವರು ಒಬ್ಬರೂ ಇಲ್ಲ. ಬಂದವರೆಲ್ಲ ಪೇಢೆ ಕೊಟ್ಟು ಹೋಗಿದ್ದರು.

ಡಾಕ್ಟರ್ ಗಲಗಲಿ ಹಾಳೆಗಳನ್ನು ಎರಡು ಸಲ ಓದಿದರು.

"ನಿಮ್ಮ ಅಕ್ಕನ ಸಂಕಟದೊಳಗ ನೀವು ಏನೋ ತಪ್ಪು..." ಎಂದು ಶುರುಮಾಡಿ ತಾವೇ ನಿಲ್ಲಿಸಿದರು. "ಎಷ್ಟು ರಿಪೋರ್ಟ್ ಕೊಟ್ಟೀವಿ ಇಲ್ಲೀತನ?"

"ಆರು ಸಾವಿರದ ಮ್ಯಾಲೆ, ಸರ್. ಹೆಪ್ಪು ಹಾಕಿದ್ದು ಎರಡು ಸಾವಿರದ ಮ್ಯಾಲೆ."

"ನಾನ ಹಾಕ್ರಿ ಅಂದೆ." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಂದು ಹನಿ ಏನು ಮಾಡ್ತದ ಅಂದೆ ನಾ."

"ಇವತ್ತಿನಿಂದ ಹೆಪ್ಪು ನಿಲ್ಲಸ್ರಿ ಸರ್. ಎಲ್ಲಾರಿಗೂ ತಿಳಸ್ರಿ."

"ನಿಲ್ಲಸ್ತೀನಿ. ಮ್ಯಾಲೆ ಬರೀತೀನಿ, ನನ್ನ ಹೆಸರಿನಿಂದನ ಬರೀತೀನಿ. ಆದ್ರ ಹೊರಗ ಮಂದಿ ಕೂತಾರಲ್ಲ ದ್ರಾಕ್ಷಾಯಣಿ, ಅವರಿಗೆ ಏನ್ ಹೇಳ್ತೀರಿ?"

ಏನು ಹೇಳುವುದು ಎಂದು ಮುಂದಿನ ವಾರವೇ ಗೊತ್ತಾಯಿತು. ಹದಿನೇಳು ಚೂರಿನಲ್ಲಿ ಒಂಬತ್ತಕ್ಕೆ "ಬರಲಿಲ್ಲ" ಎಂದು ಫಲಕದ ಮೇಲೆ ಬರೆಯಬೇಕಾಯಿತು. ಕುಂದಗೋಳದ ಒಬ್ಬ ಮುದುಕ, ಹೆಂಡತಿಯ ಹೆಸರಿನ ಮುಂದೆ ಬೆರಳಿಟ್ಟುಕೊಂಡು ದ್ರಾಕ್ಷಾಯಣಿಯ ಹತ್ತಿರ ಬಂದ.

"ಹ್ವಾದ ತಿಂಗಳ ನಮ್ಮ ಓಣಿ ಈರಪ್ಪನ ಸೊಸಿಗೆ ಬಂದಿತ್ತಲ್ಲವಾ. ನಮಗ್ಯಾಕ ಬರಲಿಲ್ಲ? ಏನರ ಹಾಕಿ ಬರಸ್ತಾರಂತಲ್ಲ, ಅದನ್ನ ಹಾಕು ತಾಯಿ. ನಿನ್ನ ಕಾಲಿಗೆ ಬೀಳ್ತೀನಿ."

"ಅದನ್ನ ಹಾಕಿದ್ರ ಸುಳ್ಳು ಬರತೈತಿ ಅಜ್ಜಾ."

"ಬರಲಿ! ಔಷಧಿ ಅರ ಕೊಡ್ತಾರಲ್ಲ. ಬರೆ ಕೈಲೆ ಹೆಂಗ ಕರಕೊಂಡ ಹೋಗ್ಲಿ ಆಕೀನ?"

ಅವಳು ಹಾಕುವುದಿಲ್ಲ ಎಂದು ತಲೆಯಾಡಿಸಿದಳು. ಮುದುಕ ಎಲ್ಲರೆದುರು ಅವಳಿಗೆ ಹಿಡಿ ಶಾಪ ಹಾಕಿ ಹೋದ. ಹಾಕಿದರೆ ಪಾಪ, ಹಾಕದಿದ್ದರೆ ಶಾಪ ಎಂಬಲ್ಲಿಗೆ ಬಂದು ನಿಂತಿತ್ತು ಅವಳ ಹನ್ನೊಂದು ವರ್ಷದ ಕೆಲಸ.

ಒಂದೇ ಒಂದು ದಾರಿ ಉಳಿದಿತ್ತು. ಕಾಯ್ದಿಟ್ಟ ಅರ್ಧ ಚೂರನ್ನು ಹೊರತೆಗೆದು ಅಕ್ಕನ ಗಡ್ಡೆಯನ್ನು ಅಕ್ಕನದೇ ನೆರೆಯ ಜೊತೆ, ಒಂದು ಹನಿಯನ್ನೂ ಬೆರೆಸದೆ ಬೆಳೆಸಲು ಕೂತಳು. ಒಂಬತ್ತು ದಿನದ ನಿಯಮ ಮರೆತಳು. ದಿನಕ್ಕೆ ನಾಲ್ಕು ಸಲ ನೀರು ಬದಲಿಸಿ, ಬಿಸಿ ನೋಡಿ, ಆಗಷ್ಟೇ ಹುಟ್ಟಿದ ಕೂಸನ್ನು ಕಾಯ್ದಂತೆ ಕಾಯ್ದಳು. ಐದರಲ್ಲಿ ಯಾವುದಾದರೂ ಒಂದು ಔಷಧಿ ಕೈ ಹಿಡಿದರೂ ಸಾಕು, ಅರ್ಧ ಕರಗಿದರೂ ಸಾಕು, ಮೂರು ತಿಂಗಳು ಹೆಚ್ಚು ಸಿಕ್ಕರೂ ಸಾಕು ಎಂದು ದಿನ ದಿನಕ್ಕೆ ಅವಳ ಆಸೆ ಕುಗ್ಗುತ್ತ ಬಂತು. ಹದಿನೇಳನೇ ದಿನ ಉಂಡೆ ಕಟ್ಟಿತು. ಸಣ್ಣ, ಬೂದು ಬಣ್ಣದ, ಗಟ್ಟಿ ಉಂಡೆ. ಸೂಜಿ ತಾಗಿಸಿದರೆ ಸೂಜಿಯೇ ಬಾಗುತ್ತಿತ್ತು. ಇಪ್ಪತ್ತಾರನೇ ದಿನ ಐದೂ ಸಾಲು ನೋಡಿದಳು. ಐದರಲ್ಲೂ ಒಂದು ಉಂಡೆಯೂ ಕರಗಿರಲಿಲ್ಲ. ಎರಡನೇ ಔಷಧಿಯ ಸಾಲಿನಲ್ಲಿ ಉಳಿದ ಸಾಲುಗಳಿಗಿಂತ ಒಂದಿಷ್ಟು ಹೆಚ್ಚೇ ಬೆಳೆದಿದ್ದವು.

ನಿಜವಾದ ರಿಪೋರ್ಟು ಅದು. ಆ ಗುರುವಾರಕ್ಕೆ ಮೊದಲೇ ಇದು ಕೈಯಲ್ಲಿದ್ದಿದ್ದರೆ ಯಾವ ಔಷಧಿಯೂ ಆಗದು, ಕೂಡಲೇ ಕೊಯ್ಯಿರಿ ಎಂದು ಬರೆಯುತ್ತಿದ್ದರು. ಅಥವಾ ಅವಳು ಮೂರನೇ ದಿನ ಸುಮ್ಮನೆ "ಬರಲಿಲ್ಲ" ಎಂದು ಬರೆದಿದ್ದರೂ ಸಾಕಿತ್ತು. ಔಷಧಿ ಸಿಗುತ್ತಿರಲಿಲ್ಲ, ಅಕ್ಕ ತನ್ನ ಹಟದಂತೆ ಗುರುವಾರ ಮೇಜಿನ ಮೇಲೆ ಮಲಗಿರುತ್ತಿದ್ದಳು.

ಮನೆಗೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ಕೆಳಗೆ ತಾಟು ತೊಳೆಯುವ ಸದ್ದು. ಮೇಲೆ ಕಸ್ತೂರಿ ಕಿಟಕಿಯ ಪಕ್ಕ ಗೋಡೆಗೊರಗಿ ಕೂತಿದ್ದಳು, ಎಲುಬಿನ ಹಂದರದ ಮೇಲೆ ಸೀರೆ ಹೊದಿಸಿದ ಹಾಗೆ. ತಂಗಿಯನ್ನು ಕಂಡು ನಕ್ಕಳು.

"ಬಂದೇನವಾ? ಇವತ್ತಿನ ಹೆಸರುಕಾಳ ಪಲ್ಯಾ ಉಪ್ಪಾಗೇತಿ ಅಂತ ಹುಡಿಗ್ಯಾರು ಅನ್ನಾಕತ್ತಿದ್ರು. ನಾ ಇಲ್ಲಿಂದನ ವಾಸನಿ ಮ್ಯಾಲೆ ಹೇಳಿದ್ದೆ. ಕೇಳಬೇಕಲ್ಲ."

"ಅಕ್ಕಾ, ನಿನಗೊಂದ ಮಾತ ಹೇಳಬೇಕು."

ಹೇಳಿದಳು. ಒಂದನ್ನೂ ಬಿಡಲಿಲ್ಲ, ಬಾಣಂತಿಯಿಂದ ಹಿಡಿದು ಬೂದು ಉಂಡೆಯವರೆಗೆ ಎಲ್ಲ ಹೇಳಿದಳು. ಇನ್ನು ಮೇಲೆ ತನ್ನ ಬಾಯಿಂದ ಯಾರಿಗೂ ಒಂದು ಸುಳ್ಳು ಬರಕೂಡದು ಎಂದು ದಾರಿಯುದ್ದಕ್ಕೂ ನಿರ್ಧಾರ ಮಾಡಿಕೊಂಡು ಬಂದಿದ್ದಳು. ಕೊನೆಗೆ ಕಸ್ತೂರಿ ಮೆಲ್ಲಗೆ ಕೇಳಿದಳು.

"ಅಂದ್ರ ನೀ ನೋಡಿದ ಉಂಡ್ಯಾಗ ಇದ್ದದ್ದು ನಾ ಅಲ್ಲ?"

"ಗಡ್ಡಿ ನಿಂದು ಅಕ್ಕಾ. ಸುತ್ತಲಿಂದೆಲ್ಲಾ ನಾ."

"ಆ ಗುರುವಾರ ಕೊಯ್ಸಿದ್ರ ಉಳೀತಿದ್ನೇನು?"

ದ್ರಾಕ್ಷಾಯಣಿ ತಲೆ ಎತ್ತಿದಳು. ಅಕ್ಕನ ಹಳದಿ ಕಣ್ಣು ಅವಳ ಬಾಯನ್ನೇ ನೋಡುತ್ತಿತ್ತು. ಜೀವ ಹಿಡಿದುಕೊಂಡು ನೋಡುತ್ತಿತ್ತು. ಇಲ್ಲ ಅಕ್ಕಾ, ಆವಾಗೂ ಆಗತಿರಲಿಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂತು. ಅದನ್ನು ಅವಳು ಬಲವಂತವಾಗಿ ಒಳಗೆ ತಳ್ಳಿದಳು.

"ಉಳೀತಿದ್ದಿ ಅಕ್ಕಾ. ಭಾಳ ಮಾಡಿ ಉಳೀತಿದ್ದಿ."

ಇಷ್ಟು ತಿಂಗಳ ನೋವಿನಲ್ಲಿ ಒಂದು ಹನಿ ಕಣ್ಣೀರು ಹಾಕದ ಕಸ್ತೂರಿಯ ಮುಖವೆಲ್ಲ ಒದ್ದೆಯಾಯಿತು. ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡಳು. ತಂಗಿ ಮುಟ್ಟಲು ಬಂದ ಕೈಯನ್ನು ಸರಿಸಿದಳು.

"ಹನ್ನೊಂದ ವರ್ಷ ಊರ ಮಂದಿಗೆಲ್ಲ ಸುಳ್ಳ ಹೇಳಿದಿ," ಎಂದಳು. "ನನಗೊಂದು ಹೇಳಾಕ ಆಗಲಿಲ್ಲೇನು ದಾಕ್ಷಿ ನಿನಗ?"

ಅಲ್ಲಿಂದ ಮುಂದೆ ಕಸ್ತೂರಿ ಹತ್ತೊಂಬತ್ತು ದಿನ ಇದ್ದಳು. ಡಾಕ್ಟರ್ ಅನಸೂಯಾ ಬಂದರೆ ಮಾತಾಡಿದಳು, ರೇಶ್ಮಾ ಬಂದರೆ ಮಾತಾಡಿದಳು, ಊಟಕ್ಕೆ ಬಂದ ಹುಡುಗಿಯರು ಮೆಟ್ಟಿಲು ಹತ್ತಿ ಬಂದರೆ ಹತ್ತಿರ ಕೂರಿಸಿಕೊಂಡು ಓದು ಹೇಗಿದೆ ಎಂದು ಕೇಳಿದಳು. ತಂಗಿಯ ಜೊತೆ ಮಾತಾಡಲಿಲ್ಲ.